ಬೀಗ ಹಾಕಿದ ಬಾಗಿಲು ಮತ್ತು ಒಂದು ಕಬ್ಬಿಣದ ಸಲಾಕೆ



ತಮ್ಮ ಮನೆಯನ್ನು ಭದ್ರಪಡಿಸಲು ತಾವು ಏನೆಲ್ಲ ಮಾಡಿದ್ದೀರಿ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ. ಗಟ್ಟಿ ಮರದ ಕದ, ಮೇಲೊಂದು ಕೆಳಗೊಂದು ಚಿಲಕ, ನಡುವೆ ಬೀಗ, ಹೊರಗೆ ಕಬ್ಬಿಣದ ಗೇಟು, ಕಿಟಕಿಗಳಿಗೆ ಸರಳು. ಇದೆಲ್ಲವೂ ಕಳ್ಳನಿಗಾಗಿ. ಆದರೆ ಕಳ್ಳನನ್ನು ತಡೆಯುವ ಬಾಗಿಲು ಕಾಪಾಡಲು ಬಂದವನನ್ನೂ ತಡೆಯುತ್ತದೆ. ಒಳಗೆ ಸಿಕ್ಕಿಬಿದ್ದವರನ್ನಂತೂ ತಡೆದೇ ತಡೆಯುತ್ತದೆ. ಹೊಗೆ ತುಂಬಿದ ಮನೆಯ ಮುಂದೆ ನಿಂತ ಅಗ್ನಿಶಾಮಕ ಸಿಬ್ಬಂದಿಗೆ ಎಷ್ಟೋ ಸಲ ನೀರಿಗಿಂತ ಮೊದಲು ಬೇಕಾಗುವುದು ಒಳಗೆ ಹೋಗುವ ದಾರಿ.

ಆ ದಾರಿಯನ್ನು ಮಾಡಿಕೊಡುವ ಕೈಸಾಧನಗಳಿಗೂ ಒಂದು ಇತಿಹಾಸವಿದೆ. ರಾಜರ ಕತ್ತಿ, ಕೋವಿ, ಫಿರಂಗಿಗಳ ಚರಿತ್ರೆಯನ್ನು ನಾವು ಶಾಲೆಗಳಲ್ಲಿ ಕಲಿಸುತ್ತೇವೆ. ಬಾಗಿಲು ಮೀಟಿ ಜೀವ ಉಳಿಸಿದ ಹಾರೆಯ ಚರಿತ್ರೆ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಅದನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ಭಾಷಾ ಶಿಕ್ಷಕ. ಆದ್ದರಿಂದ ನಡುವೆ ಒಂದೆರಡು ಕಡೆ ಪದಗಳ ಹಿಂದೆ ಹೋದರೆ ಓದುಗರು ಸಹಿಸಿಕೊಳ್ಳಬೇಕು.

ಹಳೆಯ ಕಾಲದಿಂದ ಆರಂಭಿಸೋಣ. ರೋಮ್ ನಗರದಲ್ಲಿ ಕ್ರಿ.ಶ. 6ರಲ್ಲಿ ಚಕ್ರವರ್ತಿ ಅಗಸ್ಟಸ್ ‘ವಿಜಿಲೆಸ್’ ಎಂಬ ಪಡೆಯನ್ನು ಕಟ್ಟಿದನು. ರಾತ್ರಿ ಗಸ್ತು ತಿರುಗುವುದು, ಬೆಂಕಿ ಕಂಡರೆ ಆರಿಸುವುದು ಇವರ ಕೆಲಸ. ಬಕೆಟ್ಟಿನ ಜೊತೆಗೆ ಇವರ ಕೈಯಲ್ಲಿ ಕೊಡಲಿ ಇರುತ್ತಿತ್ತು, ‘ಡೊಲಾಬ್ರ’ ಎಂಬ ಸಾಧನವೂ ಇರುತ್ತಿತ್ತು. ಡೊಲಾಬ್ರ ಎಂದರೆ ಒಂದು ಮಗ್ಗುಲಲ್ಲಿ ಕೊಡಲಿಯ ಅಲಗು, ಮತ್ತೊಂದು ಮಗ್ಗುಲಲ್ಲಿ ಪಿಕಾಸಿಯ ಮೊನೆ. ಎರಡು ಕೆಲಸಕ್ಕೆ ಒಂದೇ ಹಿಡಿ. ಈ ಯೋಚನೆ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಎರಡನೆಯ ಶತಮಾನದ ಆರಂಭದಲ್ಲಿ, ಇಂದಿನ ತುರ್ಕಿಯಲ್ಲಿರುವ ನಿಕೊಮೀಡಿಯ ಎಂಬ ಊರಿಗೆ ದೊಡ್ಡ ಬೆಂಕಿ ಬಿತ್ತು. ಅಲ್ಲಿನ ರಾಜ್ಯಪಾಲನಾಗಿದ್ದ ಪ್ಲಿನಿ, ಬೆಂಕಿ ಆರಿಸಲು 150 ಜನರ ಒಂದು ಸಂಘ ಕಟ್ಟಬಹುದೇ ಎಂದು ಚಕ್ರವರ್ತಿ ಟ್ರಾಜನ್‌ನಿಗೆ ಪತ್ರ ಬರೆದನು. ಸಂಘ ಬೇಡ, ಸಂಘಗಳು ಬೇಗನೆ ರಾಜಕೀಯ ಕೂಟಗಳಾಗುತ್ತವೆ, ಸಲಕರಣೆಗಳನ್ನು ಮಾತ್ರ ಒದಗಿಸು ಎಂಬ ಅರ್ಥದ ಉತ್ತರ ಬಂತು. ಸಂಘ ಸಂಸ್ಥೆಗಳಲ್ಲಿ ದುಡಿಯುವ ನಮ್ಮಂಥವರು ಇದನ್ನು ಓದಿ ನಗಬಹುದು. ಆದರೆ ಒಂದು ಮಾತನ್ನು ಆ ಚಕ್ರವರ್ತಿ ಸರಿಯಾಗಿಯೇ ಹಿಡಿದಿದ್ದನು: ಸಲಕರಣೆ ಮೊದಲೇ ಊರಿನಲ್ಲಿ ಇರಬೇಕು, ಮನೆಯವರ ಕೈಗೆ ಎಟುಕುವಂತಿರಬೇಕು.

ಇಸ್ತಾಂಬುಲ್‌ನ ಕಥೆಯೂ ಇದೇ ದಾರಿಯದು. ಮರದ ಮನೆಗಳು ಒತ್ತೊತ್ತಾಗಿ ನಿಂತಿದ್ದ ಆ ನಗರ ಮತ್ತೆ ಮತ್ತೆ ಉರಿಯುತ್ತಿತ್ತು. ಫ್ರಾನ್ಸ್ ದೇಶದಲ್ಲಿ ಹುಟ್ಟಿ, ಇಸ್ಲಾಂ ಸ್ವೀಕರಿಸಿ ದಾವೂದ್ ಎಂಬ ಹೆಸರು ಪಡೆದ ಕುಶಲಕರ್ಮಿಯೊಬ್ಬನು ಅಲ್ಲಿ ಕೈಪಂಪನ್ನು ತಯಾರಿಸಿದನು. ಸುಲ್ತಾನ್ ಮೂರನೆಯ ಅಹಮದ್‌ನ ಕಾಲದಲ್ಲಿ, 1720ರಲ್ಲಿ, ಈ ಪಂಪುಗಳನ್ನು ಹೊತ್ತು ಓಡುವ ಪಡೆಯನ್ನು ಕಟ್ಟಲಾಯಿತು. ಪಂಪಿನ ನೀರು ಸಾಲದಾದಾಗ ಕೊಡಲಿ, ಕೊಕ್ಕೆಗಳಿಂದ ಪಕ್ಕದ ಮನೆಗಳನ್ನು ಕೆಡವಿ ಬೆಂಕಿಯ ದಾರಿಯನ್ನು ಕತ್ತರಿಸುವುದೇ ಉಳಿದ ಉಪಾಯ. 1826ರಲ್ಲಿ ಜಾನಿಸ್ಸರಿ ಸೇನೆಯನ್ನು ರದ್ದುಪಡಿಸಿದಾಗ ಅದರ ಅಂಗವಾಗಿದ್ದ ಈ ಪಡೆಯೂ ಹೋಯಿತು. ಅದೇ ವರ್ಷ ನಗರಕ್ಕೆ ಮತ್ತೆ ದೊಡ್ಡ ಬೆಂಕಿ ಬಿದ್ದಾಗಲೇ ಕಳೆದುಕೊಂಡದ್ದು ಏನೆಂದು ಆಡಳಿತಕ್ಕೆ ತಿಳಿದದ್ದು.

ಒಡೆಯುವ ಸಾಧನವಿದ್ದರೆ ಸಾಲದು, ಒಡೆಯುವ ಅಧಿಕಾರವೂ ಬೇಕು. 1666ರ ಸೆಪ್ಟೆಂಬರ್ 2ರಂದು ಲಂಡನ್ ಹೊತ್ತಿಕೊಂಡಾಗ ಮನೆಗಳನ್ನು ಎಳೆದು ಬೀಳಿಸುವ ಉದ್ದನೆಯ ಕಬ್ಬಿಣದ ಕೊಕ್ಕೆಗಳು ಆ ನಗರದಲ್ಲಿದ್ದವು. ಎಳೆಯಲು ಅಪ್ಪಣೆ ಕೊಡಬೇಕಾದ ಮೇಯರ್ ಥಾಮಸ್ ಬ್ಲಡ್‌ವರ್ತ್ ಮಾತ್ರ ಹಿಂದೆ ಮುಂದೆ ನೋಡಿದನು; ಕೆಡವಿದ ಮನೆಗಳನ್ನು ಕಟ್ಟಿಕೊಡುವವರು ಯಾರು ಎಂಬುದು ಅವನ ಚಿಂತೆ. ನಾಲ್ಕು ದಿನಗಳಲ್ಲಿ 13,200 ಮನೆಗಳು, 87 ಚರ್ಚುಗಳು ಬೂದಿಯಾದವು. ಈ ಸಂದಿಗ್ಧ ಬರಬಾರದೆಂದೇ ಇಂದಿನ ಕಾನೂನುಗಳು ಬೆಂಕಿಯ ಸ್ಥಳದಲ್ಲಿ ಬಾಗಿಲು, ಗೋಡೆಗಳನ್ನು ಒಡೆದು ಒಳಹೋಗುವ ಅಧಿಕಾರವನ್ನು ಅಗ್ನಿಶಾಮಕ ಅಧಿಕಾರಿಗೆ ಕೊಟ್ಟಿವೆ. ನಮ್ಮಲ್ಲಿ 1964ರ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ ಇದೆ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಲಾಕೆಯ ಕಡೆಗೆ ಬರುತ್ತೇನೆ. ಇದು ಅಮೆರಿಕದ ನ್ಯೂಯಾರ್ಕ್ ನಗರದ ಕಥೆ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ನಗರದ ಅಗ್ನಿಶಾಮಕರ ಬಳಿ ‘ಕ್ಲಾ ಟೂಲ್’, ಅಂದರೆ ಪಂಜದ ಸಲಾಕೆ, ಎಂಬ ಸಾಧನವಿತ್ತು. ಒಂದು ತುದಿಯಲ್ಲಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ಮೊಳೆ ಕೀಳುವಂಥ ಕವಲು. ಇದು ಬಂದ ಬಗೆಯನ್ನು ಅಗ್ನಿಶಾಮಕರು ಸ್ವಾರಸ್ಯವಾಗಿ ಹೇಳುತ್ತಾರೆ: ಬ್ಯಾಂಕೊಂದಕ್ಕೆ ಕನ್ನ ಹಾಕಿದ ಕಳ್ಳರು ಹೋಗುವಾಗ ಬೆಂಕಿ ಹಚ್ಚಿದರಂತೆ, ಬೆಂಕಿ ಆರಿಸಲು ಹೋದವರಿಗೆ ಬೂದಿಯಲ್ಲಿ ಕಳ್ಳರ ಸಲಾಕೆ ಸಿಕ್ಕಿತಂತೆ, ಅದನ್ನೇ ನೋಡಿ ತಮಗೂ ಒಂದೊಂದನ್ನು ಮಾಡಿಸಿಕೊಂಡರಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ, ಇತಿಹಾಸವೆಂದು ನಾನು ಹೇಳಲಾರೆ. ಆದರೂ ಕಥೆಯಲ್ಲೊಂದು ಸತ್ಯವಿದೆ. ಕನ್ನಗಳ್ಳನ ಉಪಕರಣಕ್ಕೂ ಕಾಪಾಡುವವನ ಉಪಕರಣಕ್ಕೂ ಆಕಾರದಲ್ಲಿ ವ್ಯತ್ಯಾಸವಿಲ್ಲ, ಹಿಡಿದ ಕೈಯಲ್ಲಿ ಮಾತ್ರ ವ್ಯತ್ಯಾಸ.

ಪಂಜದ ಸಲಾಕೆಗೆ ಎರಡು ದೋಷಗಳಿದ್ದವು. ಒಂದು, ಅದು ಬಹಳ ಭಾರ. ಇನ್ನೊಂದು, ಅದರ ತುದಿ ಹಿಡಿಯ ನೇರಕ್ಕೆ ಇರಲಿಲ್ಲ. ಸಂದಿಗೆ ತುದಿಯನ್ನು ಇಟ್ಟು ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ ಪೆಟ್ಟು ಓರೆಯಾಗಿ ಬೀಳುತ್ತಿತ್ತು. ಸಲಾಕೆ ಜಾರಿ ಹಿಡಿದವನಿಗೇ ಗಾಯವಾಗುವ ಅಪಾಯ. ಹುಕ್ ಅಂಡ್ ಲ್ಯಾಡರ್ 163ನೆಯ ತುಕಡಿಯ ಕ್ಯಾಪ್ಟನ್ ಜಾನ್ ಕೆಲ್ಲಿ ಇದನ್ನು ತಿದ್ದಿದರು. ಅವರ ಸಲಾಕೆ ನೇರವಾಗಿತ್ತು. ಒಂದು ಕಡೆ ಕವಲು, ಇನ್ನೊಂದು ಕಡೆ ಬಾಚಿ. ಬಡಗಿಯ ಬಾಚಿಯನ್ನು ಬಲ್ಲ ಓದುಗರಿಗೆ ಆಕಾರವನ್ನು ವಿವರಿಸಬೇಕಾಗಿಲ್ಲ. ನಗರದ ಹುಡುಗರಿಗೆ ಹೇಳುವುದಾದರೆ, ಹಿಡಿಗೆ ಅಡ್ಡವಾಗಿ ನಿಂತ, ಸ್ವಲ್ಪ ಬಾಗಿದ ಅಗಲವಾದ ಅಲಗು ಅದು. ಆದರೆ ಕೆಲ್ಲಿಯವರ ಸಲಾಕೆಯ ತುದಿಗಳನ್ನು ಬೆಸೆದು ಕೂಡಿಸಲಾಗಿತ್ತು, ಭಾರವೂ ಹೆಚ್ಚೇ ಇತ್ತು.

ಈ ಎರಡರ ಗುಣದೋಷಗಳನ್ನೂ ಕೆಲಸದಲ್ಲೇ ಕಂಡವರು ಹ್ಯೂ ಹ್ಯಾಲಿಗನ್. ನ್ಯೂಯಾರ್ಕ್ ಅಗ್ನಿಶಾಮಕ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಅವರು 1948ರಲ್ಲಿ ತಮ್ಮದೇ ಒಂದು ಸಲಾಕೆಯನ್ನು ರೂಪಿಸಿದರು. ಅದನ್ನು ಕಾಸಿ ಬಡಿದು ಮಾಡಿಕೊಟ್ಟವನು ಪೀಟರ್ ಕ್ಲಾರ್ಕ್ ಎಂಬ ಕಮ್ಮಾರ. ಉದ್ದ 30 ಅಂಗುಲ, ಅಂದರೆ ಸುಮಾರು 76 ಸೆಂಟಿಮೀಟರ್. ತೂಕ ಎಂಟೂವರೆ ಪೌಂಡ್, ನಮ್ಮ ಲೆಕ್ಕದಲ್ಲಿ ನಾಲ್ಕು ಕಿಲೋಗಿಂತ ತುಸು ಕಡಿಮೆ. ಬೆಸುಗೆಯಿಲ್ಲದ ಒಂದೇ ಉಕ್ಕಿನ ತುಂಡು. ಒಂದು ತುದಿಯಲ್ಲಿ ಕವಲು; ಇನ್ನೊಂದು ತುದಿಯಲ್ಲಿ ಬಾಚಿ, ಅದಕ್ಕೆ ಅಡ್ಡವಾಗಿ ಪಿಕಾಸಿಯಂಥ ಚೂಪು ಮೊನೆ. ರೋಮನ್ನರ ಡೊಲಾಬ್ರದಲ್ಲಿ ಎರಡು ಸಾಧನ ಕೂಡಿದ್ದರೆ ಇಲ್ಲಿ ಮೂರು ಕೂಡಿದವು.

ಇದು ಕೆಲಸ ಮಾಡುವ ರೀತಿಯನ್ನು ನೋಡೋಣ. ಒಳಕ್ಕೆ ತೆರೆಯುವ ಬಾಗಿಲಾದರೆ ಕದಕ್ಕೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ, ಬೀಗದ ಹತ್ತಿರ, ಕವಲನ್ನು ಇಡುತ್ತಾರೆ. ಜೊತೆಗಾರನು ಕೊಡಲಿಯ ಚಪ್ಪಟೆ ಹಿಂಬದಿಯಿಂದ ಸಲಾಕೆಯನ್ನು ಹೊಡೆಯುತ್ತಾನೆ. ಕವಲಿನ ತುದಿ ಚೌಕಟ್ಟನ್ನು ದಾಟಿತೆಂದು ತಿಳಿದ ಕೂಡಲೇ ಸಲಾಕೆಯನ್ನು ಬಾಗಿಲಿನ ಕಡೆಗೆ ಬಲವಾಗಿ ಒತ್ತಿದರೆ ಬೀಗದ ನಾಲಿಗೆ ತನ್ನ ಗೂಡಿನಿಂದ ಹೊರಬರುತ್ತದೆ, ಇಲ್ಲವೇ ಚೌಕಟ್ಟು ಸೀಳುತ್ತದೆ. ಹೊರಕ್ಕೆ ತೆರೆಯುವ ಬಾಗಿಲಾದರೆ ಬಾಚಿಯನ್ನು ಸಂದಿಗೆ ತೂರಿಸಿ ಎಳೆಯುತ್ತಾರೆ. ತೂಗುಬೀಗವಾದರೆ ಚೂಪು ಮೊನೆಯನ್ನು ಕೊಂಡಿಯಲ್ಲಿ ಹಾಕಿ ತಿರುಚುತ್ತಾರೆ. ಪಳಗಿದ ಇಬ್ಬರಿಗೆ ಸಾಧಾರಣ ಬಾಗಿಲು ಒಂದು ನಿಮಿಷದ ಕೆಲಸವೂ ಅಲ್ಲ.

ಎಂಟನೆಯ ತರಗತಿಯ ಹುಡುಗನಿಗೂ ಗೊತ್ತಿರುವ ಸನ್ನೆಯ ತತ್ತ್ವವೇ ಇದರ ಗುಟ್ಟು. ಸಲಾಕೆಯ ಆನಿಕೆ ತುದಿಯಿಂದ 5 ಸೆಂಟಿಮೀಟರ್ ದೂರದಲ್ಲಿದ್ದರೆ ಇನ್ನೊಂದು ಬದಿಗೆ 71 ಸೆಂಟಿಮೀಟರ್ ಉಳಿಯುತ್ತದೆ. ಅಂದರೆ ಕೈಯ ಬಲ 14 ಪಟ್ಟಾಗುತ್ತದೆ. 30 ಕಿಲೋ ಭಾರದಷ್ಟು ಒತ್ತಿದರೆ ಬಾಗಿಲ ಮೇಲೆ 420 ಕಿಲೋ ಭಾರದಷ್ಟು ಒತ್ತಡ. ವಿಜ್ಞಾನ ಶಿಕ್ಷಕರು ಸನ್ನೆಯ ಪಾಠಕ್ಕೆ ಕತ್ತರಿ, ತಕ್ಕಡಿಗಳ ಜೊತೆಗೆ ಈ ಉದಾಹರಣೆಯನ್ನೂ ಸೇರಿಸಬಹುದು.

ಬಲ ಹಾಕುವ ಮೊದಲು ಮಾಡಬೇಕಾದದ್ದು ಇನ್ನೊಂದಿದೆ. ಬಾಗಿಲಿಗೆ ನಿಜವಾಗಿಯೂ ಬೀಗ ಬಿದ್ದಿದೆಯೇ ಎಂದು ಹಿಡಿಯನ್ನು ತಿರುಗಿಸಿ ನೋಡಬೇಕು. ಇದನ್ನು ಅಗ್ನಿಶಾಮಕರಿಗೆ ತರಬೇತಿಯಲ್ಲಿ ಮೊದಲೇ ಕಲಿಸುತ್ತಾರೆ. ಹಾಗೆಯೇ ಬಾಗಿಲು ತೆರೆದಾಗ ಒಳಗೆ ನುಗ್ಗುವ ಗಾಳಿಯಿಂದ ಬೆಂಕಿ ಭುಗಿಲೇಳಬಹುದು. ಆದ್ದರಿಂದ ಮೀಟಿದ ಬಾಗಿಲನ್ನು ಪೂರ್ತಿ ಬಿಟ್ಟುಬಿಡದೆ ಹಿಡಿತದಲ್ಲಿಟ್ಟುಕೊಳ್ಳುತ್ತಾರೆ. ಒಡೆಯುವುದು ಬರೀ ತೋಳ್ಬಲದ ಕೆಲಸವೆಂದು ತಿಳಿದವರಿಗೆ ಈ ಮಾತು.

ಹ್ಯಾಲಿಗನ್‌ರ ಸಲಾಕೆಗೆ ಅವರ ಇಲಾಖೆಯಲ್ಲೇ ಒಂದು ವಿಚಿತ್ರ ಅಡ್ಡಿ ಬಂತು. ಇಲಾಖೆಯ ಅಧಿಕಾರಿಯೇ ತಯಾರಿಸಿದ ವಸ್ತುವನ್ನು ಇಲಾಖೆಯೇ ಕೊಂಡರೆ ಸ್ವಾರ್ಥದ ಆರೋಪ ಬರುತ್ತದೆಯೆಂದು ನ್ಯೂಯಾರ್ಕ್ ಅದನ್ನು ಖರೀದಿಸಲಿಲ್ಲ. ಬೋಸ್ಟನ್ ನಗರ ತನ್ನ ಪ್ರತಿ ತುಕಡಿಗೂ ಒಂದೊಂದನ್ನು ಕೊಂಡಿತು. ನ್ಯೂಯಾರ್ಕಿನ ಅಗ್ನಿಶಾಮಕರು ತಮ್ಮ ಜೇಬಿನ ಹಣದಿಂದ ಕೊಂಡು ಬಳಸಿದರು. ಸಾರ್ವಜನಿಕ ಹಣದ ವಿಷಯದಲ್ಲಿ ಇಷ್ಟು ಎಚ್ಚರಿಕೆ ಒಳ್ಳೆಯದೇ. ಆದರೆ ಅದರ ಬೆಲೆಯನ್ನು ಬಡ ನೌಕರರು ತೆತ್ತದ್ದು ನನಗೆ ಸರಿ ಕಾಣುವುದಿಲ್ಲ. ಇಂದು ಲೋಕದ ಎಷ್ಟೋ ದೇಶಗಳ ಅಗ್ನಿಶಾಮಕ ವಾಹನಗಳಲ್ಲಿ ಈ ಸಲಾಕೆ ಇದೆ. ಹೆಸರು ಮಾತ್ರ ಅವರದೇ ಉಳಿದಿದೆ: ಹ್ಯಾಲಿಗನ್ ಬಾರ್.

ನಮ್ಮ ಹಾರೆ ಇದಕ್ಕೆ ದೂರದ ಸೋದರ ಎನ್ನಬಹುದು. ಉರ್ದುವಿನಲ್ಲಿ ಅದಕ್ಕೆ ಸಬ್ಬಲ್ ಎನ್ನುತ್ತೇವೆ. ಬಾವಿ ತೋಡುವವನು, ಕಲ್ಲು ಕೀಳುವವನು, ಕಂಬ ನೆಡುವವನು, ಎಲ್ಲರಿಗೂ ಬೇಕಾದದ್ದು ಅದು. ಊರಿನಲ್ಲಿ ಗೋಡೆ ಕುಸಿದು ಯಾರಾದರೂ ಸಿಕ್ಕಿಕೊಂಡರೆ ಅಗ್ನಿಶಾಮಕ ದಳ ಬರುವ ಮೊದಲೇ ಜನ ಹುಡುಕುವುದೂ ಹಾರೆಯನ್ನೇ. ಇನ್ನು ಬೀಗ ತೆರೆಯುವ ‘ಚಾವಿ’ ನಮ್ಮ ಕನ್ನಡದ್ದೂ ಅಲ್ಲ, ಉರ್ದುವಿನದ್ದೂ ಅಲ್ಲ. ಪೋರ್ಚುಗೀಸರ ‘ಶಾವೆ’ ಎಂಬ ಪದ ಕರಾವಳಿಗೆ ಬಂದಿಳಿದು ನಮ್ಮೆಲ್ಲರ ನಾಲಿಗೆಯ ಮೇಲೆ ಚಾವಿಯಾಯಿತು.

ಈಗ ಸಲಾಕೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಬಾಗಿಲನ್ನೇ ನೋಡೋಣ. ಯಾಕೆಂದರೆ ಈ ಸಾಧನಗಳ ಇತಿಹಾಸವನ್ನು ಓದುತ್ತ ಹೋದಂತೆ ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಪ್ರಾಣ ತೆಗೆದ ಬೀಗಗಳನ್ನು ಹಾಕಿದವರಲ್ಲಿ ಕೊಲೆಗಾರರು ಯಾರೂ ಇರಲಿಲ್ಲ. ಪ್ರತಿಯೊಬ್ಬರ ಬಳಿಯೂ ಬೀಗ ಹಾಕಲು ಒಂದು ಕಾರಣವಿತ್ತು, ಕೇಳಿದರೆ ಸರಿಯೆನ್ನಿಸುವ ಕಾರಣ.

1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್‌ಲೆಂಡ್ ಊರಿನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಜಾದೂ ಪ್ರದರ್ಶನವಿತ್ತು. ಕೊನೆಯಲ್ಲಿ ಬಹುಮಾನ ಹಂಚುತ್ತಾರೆಂದು ಗೊತ್ತಾಗಿ ಮಹಡಿಯ ಮಕ್ಕಳೆಲ್ಲ ಮೆಟ್ಟಿಲಿಳಿದು ಓಡಿಬಂದರು. ಮೆಟ್ಟಿಲ ಬುಡದಲ್ಲಿದ್ದ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಒಂದು ಸಲಕ್ಕೆ ಒಂದೇ ಮಗು ಹಾಯಬೇಕೆಂದು ಅದನ್ನು ಸ್ವಲ್ಪವೇ ತೆರೆದು ಅಗುಳಿ ಹಾಕಿದ್ದರು. ಸಾಲಿನಲ್ಲಿ ಬರಲಿ ಎಂಬ ಕಾರಣ. ಶಿಕ್ಷಕರಾದ ನಮಗೆ ಬಹಳ ಪರಿಚಿತವಾದ ಕಾರಣ. ಮುಂದಿನ ಮಕ್ಕಳು ಬಿದ್ದರು, ಹಿಂದಿನವರು ಅವರ ಮೇಲೆ ಬಿದ್ದರು. ಅಗುಳಿ ಮಕ್ಕಳಿದ್ದ ಬದಿಗೆ ಇದ್ದುದರಿಂದ ಹೊರಗಿನ ಹಿರಿಯರಿಗೆ ಅದನ್ನು ತೆಗೆಯಲಾಗಲಿಲ್ಲ. ಆ ಕಿರಿದಾದ ಸಂದಿಯಿಂದ ಒಬ್ಬೊಬ್ಬರನ್ನೇ ಎಳೆದು ತೆಗೆದರು. ಕೊನೆಗೆ ಒಬ್ಬನು ಬಾಗಿಲನ್ನೇ ಕೀಲುಗಳಿಂದ ಕಿತ್ತನು. ಅಷ್ಟರಲ್ಲಿ 183 ಮಕ್ಕಳು ಪ್ರಾಣ ಬಿಟ್ಟಿದ್ದರು. ಅಲ್ಲಿ ಬೆಂಕಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಬರೀ ಒಂದು ಬಾಗಿಲು.

ಈ ದುರಂತದ ನಂತರ ಸಾರ್ವಜನಿಕ ಕಟ್ಟಡಗಳ ಬಾಗಿಲುಗಳು ಹೊರಕ್ಕೆ ತೆರೆಯಬೇಕೆಂಬ ನಿಯಮಕ್ಕೆ ಬಲ ಬಂತು. ಒಳಗಿನಿಂದ ಒತ್ತಿದರೆ ಸಾಕು, ತೆರೆದುಕೊಳ್ಳುವಂಥ ಅಗುಳಿಗೆ ರಾಬರ್ಟ್ ಬ್ರಿಗ್ಸ್ ಎಂಬಾತ 1892ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಆದರೆ ಸಮುದ್ರದ ಆಚೆಯವರು ಇದರಿಂದ ಪಾಠ ಕಲಿಯಲಿಲ್ಲ. 1903ರ ಡಿಸೆಂಬರ್ 30ರಂದು ಷಿಕಾಗೋದ ಇರೊಕ್ವಾ ನಾಟಕಶಾಲೆಗೆ ಬೆಂಕಿ ಬಿದ್ದಾಗ 602 ಜನ ಸತ್ತರು. ಹೊರಬಾಗಿಲುಗಳು ಪರದೆಗಳ ಹಿಂದೆ ಅಡಗಿದ್ದವು. ಅವುಗಳಿಗೆ ಹಾಕಿದ್ದ ಬೀಗವೋ ಹೆಚ್ಚಿನವರು ಎಂದೂ ಕಾಣದಂಥದ್ದು. ಪ್ರೇಕ್ಷಕರಲ್ಲಿದ್ದ ಬೇಸ್‌ಬಾಲ್ ಆಟಗಾರನೊಬ್ಬನ ಮನೆಯ ಮಂಜುಗಡ್ಡೆ ಪೆಟ್ಟಿಗೆಗೆ ಅಂಥದೇ ಬೀಗವಿತ್ತು. ಅವನು ಒಂದು ಬಾಗಿಲನ್ನು ತೆರೆದನು. ಅವನ ಗೆಳೆಯ ಇನ್ನೊಂದನ್ನು ಮೈಬಲದಿಂದ ತಳ್ಳಿ ತೆರೆದನು. ಆ ದಿನದ ಪ್ರದರ್ಶನಕ್ಕೆ ಹೋಗಬೇಕಾಗಿದ್ದು ಕೆಲಸದ ನಿಮಿತ್ತ ತಪ್ಪಿಸಿಕೊಂಡ ಕಾರ್ಲ್ ಪ್ರಿಂಜ್ಲರ್ ಎಂಬ ಕಬ್ಬಿಣದ ಸಾಮಾನಿನ ವ್ಯಾಪಾರಿ, ಹೆನ್ರಿ ಡ್ಯುಪಾಂಟ್ ಎಂಬ ವಾಸ್ತುಶಿಲ್ಪಿಯೊಂದಿಗೆ ಸೇರಿ 1908ರಲ್ಲಿ ಬಾಗಿಲಿಗೆ ಅಡ್ಡಲಾಗಿ ಕೂರುವ ಒತ್ತುಪಟ್ಟಿಯನ್ನು ಮಾರುಕಟ್ಟೆಗೆ ತಂದನು. ಹೊರಗಿನಿಂದ ಬೀಗ, ಒಳಗಿನಿಂದ ಒಂದು ಒತ್ತು. ಇಂದು ನಮ್ಮ ನಗರಗಳ ಮಾಲ್‌ಗಳಲ್ಲಿ, ಹೊಸ ಚಿತ್ರಮಂದಿರಗಳಲ್ಲಿ ತಾವು ಕಾಣುವ ಅಡ್ಡಪಟ್ಟಿ ಇದೇ.

ಅದಾಗಿ ಮೂರು ವರ್ಷಕ್ಕೆ, 1911ರ ಮಾರ್ಚ್ 25ರಂದು, ನ್ಯೂಯಾರ್ಕಿನ ಟ್ರಯಾಂಗಲ್ ಉಡುಪು ಕಾರ್ಖಾನೆಯಲ್ಲಿ 146 ಕಾರ್ಮಿಕರು ಸತ್ತರು. ಹೆಚ್ಚಿನವರು ಬೇರೆ ದೇಶಗಳಿಂದ ಹೊಟ್ಟೆಪಾಡಿಗೆ ಬಂದ ಎಳೆಯ ಹೆಣ್ಣುಮಕ್ಕಳು. ಒಂಬತ್ತನೆಯ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸ ಮುಗಿಸಿ ಹೋಗುವಾಗ ಬಟ್ಟೆ ಕದಿಯಬಾರದೆಂದು ಒಂದೇ ಬಾಗಿಲಿನಲ್ಲಿ ಚೀಲ ತಪಾಸಣೆ ಮಾಡುತ್ತಿದ್ದರು. ಅದು ಅಲ್ಲಿನ ಕಾರಣ. ಅಗ್ನಿಶಾಮಕರ ಏಣಿ ಆರನೆಯ ಮಹಡಿಯವರೆಗೆ ಮಾತ್ರ ಮುಟ್ಟಿತು. ಆ ಮೂರು ಮಹಡಿಗಳ ಅಂತರದಲ್ಲಿ ಹೊರಗಿನವರ ಯಾವ ಸಲಾಕೆಯೂ ಕೆಲಸಕ್ಕೆ ಬರಲಿಲ್ಲ. ಮಾಲೀಕರ ಮೇಲೆ ಮೊಕದ್ದಮೆ ನಡೆದು ಅದೇ ವರ್ಷ ಡಿಸೆಂಬರಿನಲ್ಲಿ ಅವರು ಖುಲಾಸೆಯಾದರು.

ನಮ್ಮ ದೇಶದ ದಾಖಲೆಯೂ ಹೀಗೆಯೇ ಇದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಹೆಚ್ಚುವರಿ ಆಸನಗಳಿಗಾಗಿ ಬಾಲ್ಕನಿಯ ಒಂದು ದಾರಿಯನ್ನೇ ಮುಚ್ಚಲಾಗಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ, ದರ್ಗಾಕ್ಕೆ ಮಾನಸಿಕ ಅಸ್ವಸ್ಥರನ್ನು ಕರೆತರುವವರಿಗಾಗಿ ನಡೆಯುತ್ತಿದ್ದ ಖಾಸಗಿ ಆಶ್ರಯತಾಣವೊಂದು ಬೆಂಕಿಗೆ ಸಿಕ್ಕಿ 28 ಜನ ಸತ್ತರು. ಅವರನ್ನು ಸರಪಳಿಗಳಿಂದ ಕಟ್ಟಿಹಾಕಿದ್ದರು. ಓಡಿಹೋಗಿ ಅಪಾಯ ತಂದುಕೊಳ್ಳಬಾರದೆಂಬುದು ಕಾರಣ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ 94 ಮಕ್ಕಳು ಸುಟ್ಟುಹೋದರು. ಇದರ ನಂತರ ಸುಪ್ರೀಂ ಕೋರ್ಟು 2009ರ ಏಪ್ರಿಲ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ಶಾಲೆಗಳಲ್ಲಿ ಅಗ್ನಿಶಾಮಕ ಸಾಧನಗಳಿರಬೇಕು, ಸಿಬ್ಬಂದಿಗೆ ತರಬೇತಿಯಿರಬೇಕು ಎಂದು ಆದೇಶಿಸಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಮೆಟ್ಟಿಲುಗಳ ತುಂಬ ಹೊಗೆ ತುಂಬಿ, ಜನ ಉಸಿರಿಗಾಗಿ ಕಿಟಕಿಯ ಗಾಜುಗಳನ್ನು ಒಡೆದರು. ಕೆಲವರು ಹಾರಿದರು. ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು.

ನಮ್ಮ ಓದುಗರಿಗೆ ಮುಜುಗರವಾದರೂ ಹೇಳಲೇಬೇಕಾದ ಘಟನೆ ಇನ್ನೊಂದಿದೆ. 2002ರ ಮಾರ್ಚ್ 11ರಂದು ಪವಿತ್ರ ಮಕ್ಕಾ ನಗರದ ಬಾಲಕಿಯರ ಶಾಲೆಯೊಂದರಲ್ಲಿ ಬೆಂಕಿ ಕಾಣಿಸಿಕೊಂಡು 15 ಬಾಲಕಿಯರು ಮೃತರಾದರು. ಬಾಡಿಗೆಯ ಕಟ್ಟಡ, ಕಿಕ್ಕಿರಿದ ತರಗತಿಗಳು, ಬೀಗ ಹಾಕಿದ ಗೇಟು. ತಲೆಯ ಮೇಲೆ ಹೊದಿಕೆಯಿಲ್ಲದೆ ಹೊರಗೆ ಬರುತ್ತಿದ್ದ ಬಾಲಕಿಯರನ್ನೂ ಕಾಪಾಡಲು ಬಂದವರನ್ನೂ ಧಾರ್ಮಿಕ ಪೊಲೀಸರು ತಡೆದರೆಂದು ಸೌದಿ ಪತ್ರಿಕೆಗಳೇ ಬರೆದವು. ಸಾವಿಗೆ ಕಾರಣ ಕಾಲ್ತುಳಿತವೇ ಹೊರತು ಅದಲ್ಲವೆಂದು ಸರಕಾರ ಹೇಳಿತು. ಆದರೂ ಬಾಲಕಿಯರ ಶಿಕ್ಷಣ ನೋಡಿಕೊಳ್ಳುತ್ತಿದ್ದ ಪ್ರತ್ಯೇಕ ಇಲಾಖೆಯ ಮುಖ್ಯಸ್ಥರನ್ನು ತೆಗೆದು, ಆ ಇಲಾಖೆಯನ್ನು ಶಿಕ್ಷಣ ಸಚಿವಾಲಯಕ್ಕೆ ಸೇರಿಸಲಾಯಿತು. ಇಲ್ಲಿಯೂ ಬೀಗಕ್ಕೆ ಕಾರಣವಿತ್ತು: ಹೆಣ್ಣುಮಕ್ಕಳ ರಕ್ಷಣೆ. ಪ್ರಾಣರಕ್ಷಣೆಯನ್ನು ಶರೀಅತ್ತಿನ ಮೂಲ ಉದ್ದೇಶಗಳಲ್ಲಿ ಇಮಾಮ್ ಗಝ್ಝಾಲಿಯವರು ಎಣಿಸಿದ್ದಾರೆ. ಅದನ್ನು ಓದಿದವರಿಗೆ ಗೇಟಿನ ಚಾವಿ ಯಾರ ಕೈಯಲ್ಲಿರಬೇಕೆಂಬುದು ಧರ್ಮದ ಪ್ರಶ್ನೆಯೂ ಹೌದು ಎಂದು ನಾನು ಬಗೆಯುತ್ತೇನೆ.

ಹೊರಗಿನವರು ಬರುವವರೆಗೆ ಕಾಯಲಾಗದಾಗ ಒಳಗಿನವರ ಕೈಯಲ್ಲಿ ಏನಿರಬೇಕು? ಇದಕ್ಕೆ ಒಂದು ಅಪರೂಪದ ಉತ್ತರ 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವಿಶ್ವ ವ್ಯಾಪಾರ ಕೇಂದ್ರದಲ್ಲಿ ದೊರೆಯಿತು. ಉತ್ತರ ಗೋಪುರದ ಲಿಫ್ಟಿನಲ್ಲಿ ಆರು ಜನ ಸಿಕ್ಕಿಕೊಂಡರು. ಬಾಗಿಲನ್ನು ಬಲವಂತವಾಗಿ ಬಿಡಿಸಿ ನೋಡಿದರೆ ಎದುರಿಗೆ ಗೋಡೆ. ಅವರಲ್ಲೊಬ್ಬರು ಪೋಲೆಂಡಿನಿಂದ ಬಂದ ಯಾನ್ ಡೆಮ್‌ಚುರ್. ಕಿಟಕಿ ಗಾಜು ಒರೆಸುವುದು ಅವರ ಕಸುಬು. ಗಾಜಿನ ನೀರು ಎಳೆಯುವ ರಬ್ಬರ್ ಪಟ್ಟಿಯ ಸಾಧನವೊಂದು ಅವರ ಬಳಿಯಿತ್ತು. ಅದರ ಲೋಹದ ಪಟ್ಟಿಯಿಂದ ಜಿಪ್ಸಂ ಗೋಡೆಯನ್ನು ಕೆರೆಯತೊಡಗಿದರು. ಪಟ್ಟಿ ಕೈಜಾರಿ ಕೆಳಗೆ ಬಿತ್ತು. ಉಳಿದ ಹಿಡಿಯಿಂದಲೇ, ಸರದಿಯ ಮೇಲೆ, ಗೋಡೆಯ ಪದರಗಳನ್ನು ಕೊರೆದು 50ನೆಯ ಮಹಡಿಯ ಶೌಚಾಲಯದೊಳಕ್ಕೆ ತೂರಿಕೊಂಡು ಬಂದರು. ಆರೂ ಜನ ಗೋಪುರ ಕುಸಿಯುವ ಮೊದಲು ಹೊರಗೆ ಬಂದರು. ಅದೇ ದಿನ ಹ್ಯಾಲಿಗನ್ ಸಲಾಕೆ, ಕೊಡಲಿಗಳನ್ನು ಹೊತ್ತು ಮೆಟ್ಟಿಲು ಹತ್ತಿದ ಇಲಾಖೆಯ 343 ಮಂದಿ ಪ್ರಾಣತೆತ್ತರು. ಡೆಮ್‌ಚುರ್‌ರ ಆ ಹಿಡಿ ಈಗ ಅಮೆರಿಕದ ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯದಲ್ಲಿದೆ.

ಅಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಹವಾನಿಯಂತ್ರಿತ ಬಸ್ಸು, ಅಂದಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಮೋರಿಗೆ ಬಡಿದು, ಡೀಸೆಲ್ ಟ್ಯಾಂಕು ಹೊತ್ತಿಕೊಂಡಿತು. 45 ಜನ ಬಸ್ಸಿನೊಳಗೇ ಸುಟ್ಟುಹೋದರು. ತಂಪು ಹೊರಹೋಗಬಾರದೆಂದು ಕಿಟಕಿಗಳನ್ನು ತೆರೆಯಲಾಗದಂತೆ ಗಾಜಿನಿಂದ ಮುಚ್ಚಿರುವ ಬಸ್ಸುಗಳಲ್ಲಿ ಗಾಜನ್ನು ಒಡೆಯುವುದೊಂದೇ ದಾರಿ. ಅದಕ್ಕೆಂದೇ ಕಿಟಕಿಯ ಬಳಿ ಚೂಪು ತುದಿಯ ಪುಟ್ಟ ಕೆಂಪು ಸುತ್ತಿಗೆಯನ್ನು ಇಡುತ್ತಾರೆ. ಬಸ್ಸು ಹತ್ತಿದಾಗ ಅದು ಇದೆಯೇ ಎಂದು ನೋಡಿ. ಎಷ್ಟೋ ಬಸ್ಸುಗಳಲ್ಲಿ ಅದನ್ನು ಇಡುವ ಗೂಡು ಮಾತ್ರ ಇರುತ್ತದೆ.

ಇಷ್ಟು ಸಣ್ಣ ಸುತ್ತಿಗೆ ದೊಡ್ಡ ಗಾಜನ್ನು ಹೇಗೆ ಒಡೆಯುತ್ತದೆ? ಬಸ್ಸು, ಕಾರುಗಳ ಪಕ್ಕದ ಕಿಟಕಿಗೆ ಸಾಮಾನ್ಯವಾಗಿ ಹದಗೊಳಿಸಿದ ಗಾಜನ್ನು ಹಾಕುತ್ತಾರೆ. 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಸಿ, ಗಾಳಿ ಊದಿ ಥಟ್ಟನೆ ತಣಿಸಿದ ಗಾಜು ಅದು. ಹೊರಮೈ ಬಿಗಿದುಕೊಂಡಿರುತ್ತದೆ, ಒಡಲು ಎಳೆತದಲ್ಲಿರುತ್ತದೆ. ಅಂಗೈಯಿಂದ ಗುದ್ದಿದರೆ ಬಲ ಹರಡಿಹೋಗಿ ಏನೂ ಆಗುವುದಿಲ್ಲ. ಸೂಜಿಯಷ್ಟು ಜಾಗದಲ್ಲಿ ಗಟ್ಟಿ ಉಕ್ಕಿನ ಮೊನೆ ಹೊರಮೈಯನ್ನು ಸೀಳಿತೆಂದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಉದುರುತ್ತದೆ. ನಡುವೆ ಹೊಡೆಯಬಾರದು, ಅಲ್ಲಿ ಗಾಜು ಬಾಗಿ ಪೆಟ್ಟನ್ನು ನುಂಗುತ್ತದೆ. ಮೂಲೆಯ ಹತ್ತಿರ ಹೊಡೆಯಬೇಕು. ಮುಂದಿನ ದೊಡ್ಡ ಗಾಜಿನ ಮೇಲೆ ಈ ಸುತ್ತಿಗೆ ನಡೆಯುವುದಿಲ್ಲ. ಅದು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪೊರೆ ಅಂಟಿಸಿದ್ದು, ಬಿರಿಯುತ್ತದೆ, ಬೀಳುವುದಿಲ್ಲ. ಈಗಿನ ಕೆಲವು ಕಾರುಗಳಲ್ಲಿ ಪಕ್ಕದ ಕಿಟಕಿಗಳಿಗೂ ಇದೇ ಗಾಜು ಬಂದಿದೆ. ಅಮೆರಿಕದ ವಾಹನ ಸಂಘವಾದ ಎಎಎ 2019ರಲ್ಲಿ ಇಂಥ ಆರು ಸಾಧನಗಳನ್ನು ಪರೀಕ್ಷಿಸಿದಾಗ ನಾಲ್ಕು ಹದಗೊಳಿಸಿದ ಗಾಜನ್ನು ಒಡೆದವು, ಪೊರೆಯ ಗಾಜನ್ನು ಒಂದೂ ಒಡೆಯಲಿಲ್ಲ. ಕಾರಿದ್ದವರು ಕಿಟಕಿ ಗಾಜಿನ ಮೂಲೆಯಲ್ಲಿ ಅಚ್ಚಾದ ಗುರುತನ್ನು ಓದಿಕೊಳ್ಳುವುದು ಒಳಿತು.

ಕೊನೆಯದಾಗಿ ನಮ್ಮ ಶಾಲೆ, ವಸತಿನಿಲಯಗಳ ಕಿಟಕಿ ಸರಳುಗಳ ಬಗ್ಗೆ ಎರಡು ಮಾತು. ಹೆಣ್ಣುಮಕ್ಕಳ ವಸತಿನಿಲಯಕ್ಕೆ ರಾತ್ರಿ ಗೇಟು ಮುಚ್ಚಬಾರದೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಪ್ರತಿ ಮಹಡಿಯಲ್ಲಿ ಒಂದು ಕಿಟಕಿಯ ಜಾಲರಿಯನ್ನಾದರೂ ಬಾಗಿಲಿನಂತೆ ತೆರೆಯುವ ಹಾಗೆ, ಒಳಗಿನಿಂದ ಬರೀ ಚಿಲಕ ಹಾಕುವ ಹಾಗೆ ಮಾಡಿಸಬಹುದು. ಊರಿನ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಕೀಲು ಕೂಡಿಸಿ ಒಂದು ದಿನದಲ್ಲಿ ಮಾಡಿಕೊಡುತ್ತಾರೆ. ಗೇಟಿನ ಎರಡನೆಯ ಚಾವಿ ಒಳಗೆ ಮಲಗುವವರ ಬಳಿ ಇರಬೇಕು, ಕಾವಲುಗಾರನ ಸೊಂಟದಲ್ಲಿ ಮಾತ್ರವಲ್ಲ. ಒಂದು ಹಾರೆ, ಒಂದು ಕೊಡಲಿಯನ್ನು ಮೆಟ್ಟಿಲ ಬಳಿ ಗೋಡೆಗೆ ಕೆಂಪು ಬಣ್ಣದ ಹಲಗೆ ಹೊಡೆದು ತೂಗುಹಾಕಬೇಕು. ಉಗ್ರಾಣದಲ್ಲಿಟ್ಟು ಅದಕ್ಕೂ ಬೀಗ ಹಾಕಿದರೆ ಪ್ರಯೋಜನವಿಲ್ಲ. ವರ್ಷಕ್ಕೊಮ್ಮೆ ಅಗ್ನಿಶಾಮಕ ಠಾಣೆಯವರನ್ನು ಕರೆಸಿ, ದೀಪ ಆರಿಸಿದ ಕತ್ತಲಲ್ಲಿ ಮಕ್ಕಳು ಆ ಜಾಲರಿಯ ಚಿಲಕವನ್ನು ಎಷ್ಟು ಹೊತ್ತಿನಲ್ಲಿ ತೆಗೆಯುತ್ತಾರೆಂದು ಗಡಿಯಾರ ಹಿಡಿದು ನೋಡಬೇಕು. ತುಕ್ಕು ಹಿಡಿದಿದ್ದರೆ ಆಗಲೇ ಗೊತ್ತಾಗುತ್ತದೆ.